ರೋಮನ್ ಜಮೀನ್ದಾರನ ಮುದ್ರೆಯುಂಗುರವನ್ನು ಓದುವುದು ಹೇಗೆ?

ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ರೋಮನ್ ಉಂಗುರಗಳನ್ನು ಕಂಡವರು ಸಾಮಾನ್ಯವಾಗಿ "ಎಷ್ಟು ಚೆಂದ" ಅಂದು ಮುಂದೆ ಹೋಗುತ್ತಾರೆ. ನಾನೂ ಬಹಳ ದಿನ ಫೋಟೋಗಳಲ್ಲಿ ಹಾಗೇ ನೋಡಿದ್ದೆ. ಕಡಲೆಕಾಳಿನಷ್ಟು ಕೆಂಪು ಹರಳು. ಅದರೊಳಗೆ ಕೂದಲೆಳೆಯಂಥ ಗೆರೆಗಳಲ್ಲಿ ಒಬ್ಬ ದೇವತೆ, ಒಂದು ತೆನೆ, ಒಂದು ಹಡಗು. ಆಮೇಲೆ ಒಂದು ದಿನ ಹೊಳೆಯಿತು. ಇದನ್ನು ಮಾಡಿಸಿದವನಿಗೆ ಮುಖ್ಯವಾಗಿದ್ದದ್ದು ಹರಳು ಅಲ್ಲ, ಅದು ಬಿಟ್ಟುಹೋಗುವ ಗುರುತು.

ಆ ಜಮೀನ್ದಾರನನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಅವನ ಹೊಲ, ದ್ರಾಕ್ಷಿ ತೋಟ, ಎಣ್ಣೆ ಗಾಣ ಇರುವುದು ಹಳ್ಳಿಯಲ್ಲಿ. ಅವನು ಇರುವುದು ಹೆಚ್ಚಾಗಿ ಪಟ್ಟಣದಲ್ಲಿ. ನಡುವೆ ಪಾರುಪತ್ಯಗಾರ, ಗುಲಾಮರು, ಗೇಣಿದಾರರು, ಕತ್ತೆಗಳ ಮೇಲೆ ಪತ್ರ ಒಯ್ಯುವ ಆಳುಗಳು. ಒಡೆಯ ಸ್ವತಃ ಇಲ್ಲದ ಕಡೆಯೆಲ್ಲ ಅವನ ಮುದ್ರೆ ಇರಬೇಕು. ಹಾಗಾಗಿ ಮುದ್ರೆಯನ್ನು ಓದುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ "ಇದರಲ್ಲಿ ಏನು ಚಿತ್ರ ಇದೆ" ಅನ್ನುವುದಲ್ಲ. "ಇದನ್ನು ಯಾವುದರ ಮೇಲೆ ಒತ್ತಿದರು, ಯಾರು ಅದನ್ನು ನೋಡಿ ನಂಬಬೇಕಿತ್ತು" ಅನ್ನುವುದು.

ಇದಕ್ಕೆ ಲ್ಯಾಟಿನ್ ಬರಬೇಕಿಲ್ಲ. ಒಂದು ಫೋನ್, ಸ್ವಲ್ಪ ಚಪಾತಿ ಹಿಟ್ಟು, ಒಂದು ನೋಟ್‌ಬುಕ್ ಸಾಕು.

ಹೆಜ್ಜೆ 1: ತಿರುಗಿಸಿ ನೋಡಿ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವ ಮರದ ಹಲಗೆ ನೋಡಿದ್ದೀರಲ್ವಾ? ಅದರಲ್ಲಿ ಆನೆ, ಗೋಪುರ ಎಲ್ಲ ಒಳಕ್ಕೆ ಕೊರೆದಿರುತ್ತವೆ. ಸಕ್ಕರೆ ಪಾಕ ಹೊಯ್ದು ತೆಗೆದಾಗ ಉಬ್ಬಿ ಬರುತ್ತವೆ, ಎಡಬಲ ಅದಲು ಬದಲಾಗಿ. ರೋಮನ್ ಮುದ್ರೆ ಹರಳು ಇದೇ ರೀತಿ. ಒಳಕ್ಕೆ ಕೊರೆದ ಹರಳನ್ನು ಬಿಸಿ ಮೇಣದ ಮೇಲೋ ಹಸಿ ಜೇಡಿಮಣ್ಣಿನ ಮೇಲೋ ಒತ್ತಿದರೆ ಉಬ್ಬು ಚಿತ್ರ ಮೂಡುತ್ತದೆ.

ಆದ್ದರಿಂದ ಹರಳಿನ ಫೋಟೋ ಸಿಕ್ಕರೆ ಮೊದಲು ಫೋನಿನಲ್ಲಿ ಅದನ್ನು ಅಡ್ಡಕ್ಕೆ ಫ್ಲಿಪ್ ಮಾಡಿ. ಜಮೀನ್ದಾರ ನೋಡುತ್ತಿದ್ದ ಚಿತ್ರ ಅದು. ಮ್ಯೂಸಿಯಂಗಳ ವೆಬ್‌ಸೈಟ್‌ನಲ್ಲಿ ಕೆಲವೊಮ್ಮೆ ಹರಳಿನ ಫೋಟೋ ಇರುತ್ತದೆ, ಕೆಲವೊಮ್ಮೆ ಅದರಿಂದ ತೆಗೆದ ಪ್ಲಾಸ್ಟರ್ ಅಚ್ಚಿನ ಫೋಟೋ ಇರುತ್ತದೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಕೈಗಳನ್ನು ನೋಡಿ. ಒತ್ತಿದ ಚಿತ್ರದಲ್ಲಿ ಯೋಧ ಈಟಿಯನ್ನು ಬಲಗೈಯಲ್ಲಿ, ಗುರಾಣಿಯನ್ನು ಎಡಗೈಯಲ್ಲಿ ಹಿಡಿದಿರುತ್ತಾನೆ. ಅದೃಷ್ಟದೇವತೆ ಫಾರ್ಚೂನಾಳ ಬಲಗೈಯಲ್ಲಿ ಹಡಗಿನ ಚುಕ್ಕಾಣಿ, ಎಡತೋಳಿನಲ್ಲಿ ಹಣ್ಣು ತುಂಬಿದ ಕೊಂಬು. ಇದು ಉಲ್ಟಾ ಕಂಡರೆ ನೀವು ಹರಳನ್ನೇ ನೋಡುತ್ತಿದ್ದೀರಿ.

ಒಂದು ಎಚ್ಚರಿಕೆ. ಒಳಕ್ಕೆ ಕೊರೆದದ್ದು ಫೋಟೋದಲ್ಲಿ ಉಬ್ಬಿದಂತೆ ಕಾಣುವುದುಂಟು. ಬೆಳಕು ಯಾವ ಕಡೆಯಿಂದ ಬಿದ್ದಿದೆ ಅನ್ನುವುದರ ಮೇಲೆ ಕಣ್ಣು ಮೋಸ ಹೋಗುತ್ತದೆ. ಮನೆಯಲ್ಲಿ ಒಂದು ಸಲ ಪ್ರಯೋಗ ಮಾಡಿ. ಯಾವುದಾದರೂ ಗುಂಡಿಯನ್ನೋ ಸಕ್ಕರೆ ಅಚ್ಚನ್ನೋ ಹಿಟ್ಟಿನ ಮೇಲೆ ಒತ್ತಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಸುತ್ತ ತಿರುಗಿಸಿ. ಹತ್ತು ನಿಮಿಷದಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತದೆ. ಹಳೆಯ ಹರಳನ್ನು ಮಾತ್ರ ಎಂದೂ ಹೀಗೆ ಒತ್ತಬೇಡಿ.

ಹೆಜ್ಜೆ 2: ಅಕ್ಷರ ಇದ್ದರೆ, ಅದು ಯಾವ ದಿಕ್ಕಿಗಿದೆ?

ಈ ಒಂದು ಪರೀಕ್ಷೆ ಬಹಳ ಕೆಲಸ ಮಾಡುತ್ತದೆ. ಅಕ್ಷರಗಳು ಹರಳಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರೆದಿದ್ದರೆ ಅದು ಒತ್ತುವುದಕ್ಕೆ ಮಾಡಿದ್ದು. ನೇರವಾಗಿ ಓದಲು ಬಂದರೆ, ಅದು ಧರಿಸಿದವನ ಕಣ್ಣಿಗೋ ದೇವರ ಕಣ್ಣಿಗೋ ಬರೆದದ್ದು. ಮಂತ್ರಾಕ್ಷರ ಕೊರೆದ ತಾಯಿತದ ಹರಳುಗಳು ರೋಮನ್ ಕಾಲದಲ್ಲಿ, ಅದರಲ್ಲೂ ಪೂರ್ವದ ಪ್ರಾಂತ್ಯಗಳಲ್ಲಿ, ಬೇಕಾದಷ್ಟಿದ್ದವು. ಅವುಗಳ ಅಕ್ಷರ ಸಾಮಾನ್ಯವಾಗಿ ನೇರ.

ಎರಡೂ ಒಂದೇ ಉಂಗುರದಲ್ಲಿ ಇರುವ ಉದಾಹರಣೆಯೂ ಇದೆ. 1785ರಲ್ಲಿ ಇಂಗ್ಲೆಂಡಿನ ಸಿಲ್ಚೆಸ್ಟರ್ ಹತ್ತಿರದ ಹೊಲದಲ್ಲಿ ಒಂದು ದಪ್ಪ ಚಿನ್ನದ ಉಂಗುರ ಸಿಕ್ಕಿತು. ನಾಲ್ಕನೇ ಶತಮಾನದ್ದು, ತೂಕ ಸುಮಾರು 12 ಗ್ರಾಂ. ಅದರ ಮುಖಪಟ್ಟಿಯಲ್ಲಿ ಒಂದು ತಲೆ, ಪಕ್ಕದಲ್ಲಿ ವೀನಸ್ ಎಂಬ ಹೆಸರು, ಅಕ್ಷರಗಳು ತಿರುವುಮುರುವು. ಅಂದರೆ ಅದು ಮುದ್ರೆ. ಬೆರಳನ್ನು ಸುತ್ತುವ ಬಳೆಯ ಮೇಲೆ ಮಾತ್ರ ನೇರ ಅಕ್ಷರಗಳಲ್ಲಿ "ಸೆನಿಕಿಯಾನಸ್, ದೇವರಲ್ಲಿ ಬಾಳು" ಅನ್ನುವ ಕ್ರೈಸ್ತ ಹಾರೈಕೆ. ಕೊರೆದವನು ಒಂದು ಅಕ್ಷರ ಜಾಸ್ತಿ ಹಾಕಿಬಿಟ್ಟಿದ್ದಾನೆ, ಹಾಗಾಗಿ ಕೊನೆಯ ಅಕ್ಷರಕ್ಕೆ ಜಾಗವೇ ಉಳಿದಿಲ್ಲ. ಹದಿನಾರು ನೂರು ವರ್ಷದ ಹಿಂದಿನ ಆ ಕೈತಪ್ಪು ನೋಡಿದಾಗ ನನಗೆ ಆ ಕೆಲಸಗಾರನ ಮೇಲೆ ಪ್ರೀತಿ ಬರುತ್ತದೆ.

ಹೆಜ್ಜೆ 3: ಹೆಸರನ್ನು ಬಿಡಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಸರಿನಲ್ಲಿ ಇಡೀ ಮನೆತನದ ಕತೆ ಇರುತ್ತದೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಚಿಚೆಸ್ಟರ್ ಪಟ್ಟಣದ ಪಕ್ಕ ಫಿಶ್‌ಬೋರ್ನ್ ಎಂಬ ಊರಿದೆ. 1960ರಲ್ಲಿ ಅಲ್ಲಿ ನೀರಿನ ಪೈಪ್ ಹಾಕಲು ಅಗೆಯುವಾಗ ಒಂದು ದೊಡ್ಡ ರೋಮನ್ ಅರಮನೆಯ ಅಡಿಪಾಯ ಸಿಕ್ಕಿತು. 1995ರಲ್ಲಿ ಅದರ ಹತ್ತಿರವೇ ಒಂದು ಚಿನ್ನದ ಮುದ್ರೆಯುಂಗುರ ಸಿಕ್ಕಿತು. ಮೊದಲ ಶತಮಾನದ್ದು. ಅದರ ಮೇಲೆ ಇರುವುದು ಒಂದೇ ಹೆಸರು, "ಟಿಬೇರಿಯಸ್ ಕ್ಲಾಡಿಯಸ್ ಕಟುವಾರಸ್‌ನ".

ಕೊನೆಯ ಆ "ನ" ಗಮನಿಸಿ. ರೋಮನ್ ಮುದ್ರೆಗಳಲ್ಲಿ ಹೆಸರು ಹೆಚ್ಚಾಗಿ ಷಷ್ಠಿ ವಿಭಕ್ತಿಯಲ್ಲಿ ಇರುತ್ತದೆ. ಮದುವೆ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತೇವಲ್ಲ, ಅದೇ ಭಾವ. "ಇದು ಇಂಥವನದ್ದು."

ಇನ್ನು ಮೂರು ಭಾಗ ಬಿಡಿಸಿ. ಮೊದಲ ಎರಡು, ಟಿಬೇರಿಯಸ್ ಕ್ಲಾಡಿಯಸ್, ಚಕ್ರವರ್ತಿಯ ಮನೆತನದ ಹೆಸರು. ಪ್ರಾಂತ್ಯದ ಒಬ್ಬ ಸ್ಥಳೀಯನಿಗೆ ರೋಮನ್ ಪೌರತ್ವ ಸಿಕ್ಕಾಗ ಅದನ್ನು ಕೊಟ್ಟ ಚಕ್ರವರ್ತಿಯ ಹೆಸರನ್ನು ಅವನು ತನ್ನ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದ. ಕ್ಲಾಡಿಯಸ್ ಆಳಿದ್ದು ಕ್ರಿ.ಶ. 41ರಿಂದ 54. ಅವನ ನಂತರದ ನೀರೋ ಕೊಟ್ಟ ಪೌರತ್ವದಲ್ಲೂ ಇದೇ ಹೆಸರು ಬರುತ್ತದೆ. ಮೂರನೆಯದು ಕಟುವಾರಸ್. ಇದು ರೋಮಿನ ಹೆಸರಲ್ಲ, ಕೆಲ್ಟಿಕ್ ಹೆಸರು. "ಕಟು" ಅಂದರೆ ಆ ಭಾಷೆಯಲ್ಲಿ ಯುದ್ಧ. ಹಾಗಾದರೆ ನಮ್ಮ ಮುಂದೆ ಇರುವವನು ಇಟಲಿಯಿಂದ ಬಂದ ಅಧಿಕಾರಿ ಅಲ್ಲ. ಆ ನಾಡಿನವನೇ, ಸಿರಿವಂತ, ರೋಮನರ ಜೊತೆ ಸೇರಿ ಮೇಲೆ ಬಂದವನು. ತನ್ನ ಮುದ್ರೆಗೆ ಹೊಸ ಹೆಸರನ್ನೂ ಹಾಕಿಸಿದ, ಹಳೆಯ ಹೆಸರನ್ನೂ ಬಿಡಲಿಲ್ಲ. ಅವನೇ ಆ ಅರಮನೆಯ ಒಡೆಯನೇ ಅನ್ನುವುದು ಚರ್ಚೆಯ ವಿಷಯ. ಪಕ್ಕದ ಚಿಚೆಸ್ಟರ್‌ನಲ್ಲಿ 1723ರಲ್ಲಿ ಸಿಕ್ಕ ಶಾಸನದಲ್ಲಿ ಟೊಗಿಡುಬ್ನಸ್ ಎಂಬ ಸ್ಥಳೀಯ ರಾಜನ ಹೆಸರೂ ಇದೆ, ಅರಮನೆಯನ್ನು ಅವನದ್ದೆಂದು ಹೇಳುವವರೂ ಇದ್ದಾರೆ.

ಬೇರೆ ಮುದ್ರೆ ಸಿಕ್ಕಾಗ ಈ ಸುಳಿವುಗಳನ್ನು ನೆನಪಿಡಿ. ಟೈಟಸ್ ಫ್ಲೇವಿಯಸ್ ಅಂತಿದ್ದರೆ ಆ ಮನೆತನಕ್ಕೆ ಪೌರತ್ವ ಬಂದದ್ದು 69ರಿಂದ 96ರ ನಡುವೆ ಇರಬಹುದು. ಮಾರ್ಕಸ್ ಉಲ್ಪಿಯಸ್ ಇದ್ದರೆ ಟ್ರೇಜನ್ ಕಾಲ. ಪಬ್ಲಿಯಸ್ ಏಲಿಯಸ್ ಇದ್ದರೆ ಹೇಡ್ರಿಯನ್ ಕಾಲ. ಔರೇಲಿಯಸ್ ಅಂತ ಎಲ್ಲೆಲ್ಲೂ ಕಂಡರೆ ಬಹುಶಃ 212ರ ನಂತರ, ಏಕೆಂದರೆ ಆ ವರ್ಷ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಸಿಕ್ಕಿತು. ನೆನಪಿಡಿ, ಇದು ಪೌರತ್ವ ಬಂದ ಕಾಲ. ಉಂಗುರ ಮೊಮ್ಮಗನದ್ದೂ ಆಗಿರಬಹುದು.

ಕೆಲವು ಮುದ್ರೆಗಳಲ್ಲಿ ಒಡೆಯನ ಹೆಸರಿನ ಜೊತೆ ಗುಲಾಮನ ಹೆಸರೂ ಇರುತ್ತದೆ. ಇಟಲಿಯ ಹರ್ಕ್ಯುಲೇನಿಯಂನಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸುಟ್ಟು ಕರಿಮಾಡಿದ ಒಂದು ರೊಟ್ಟಿ ಸಿಕ್ಕಿದೆ. ಅದರ ಮೇಲೆ ಒತ್ತಿದ ಅಕ್ಷರ ಇವತ್ತಿಗೂ ಓದಬಹುದು, "ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ಗುಲಾಮ ಸೆಲರ್‌ನದ್ದು". ಇಂಥದ್ದನ್ನು ಒತ್ತುತ್ತಿದ್ದುದು ಹಿಡಿ ಇರುವ ಕಂಚಿನ ಅಚ್ಚಿನಿಂದ. ಪ್ರಾಂತ್ಯಗಳಲ್ಲೂ ಇಂಥ ಅಚ್ಚುಗಳು ಸಿಕ್ಕಿವೆ. ಕಂಚಿನ ಅಚ್ಚು ಕಂಡರೆ ಪಾರುಪತ್ಯಗಾರನ ಕೈ ನೆನಪಿಸಿಕೊಳ್ಳಿ, ಉಂಗುರ ಕಂಡರೆ ಒಡೆಯನ ಕೈ.

ಹೆಜ್ಜೆ 4: ಚಿತ್ರಕ್ಕೆ ಬನ್ನಿ, ಆದರೆ ಆತುರ ಬೇಡ

ರೋಮಿನ ದೊಡ್ಡವರ ಮುದ್ರೆಗಳು ಬರಹಗಳಲ್ಲಿ ದಾಖಲಾಗಿವೆ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಮೊದಲು ಸ್ಫಿಂಕ್ಸ್ (ಹೆಣ್ಣಿನ ತಲೆ, ಸಿಂಹದ ಮೈ) ಬಳಸುತ್ತಿದ್ದ, ಆಮೇಲೆ ಅಲೆಕ್ಸಾಂಡರನ ಮುಖ, ಕೊನೆಗೆ ಡಯಸ್ಕೊರೈಡೀಸ್ ಕೊರೆದ ತನ್ನದೇ ಮುಖ. ಅವನ ಆಪ್ತ ಮೆಸೆನಾಸ್‌ನದು ಕಪ್ಪೆ. ಹಣ ವಸೂಲಿ ಆದೇಶಗಳ ಮೇಲೆ ಬರುತ್ತಿದ್ದ ಆ ಕಪ್ಪೆ ಕಂಡರೆ ಜನ ಹೆದರುತ್ತಿದ್ದರು ಎಂದು ಮೊದಲ ಶತಮಾನದ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಅವನ ಸೋದರಳಿಯ ಕಿರಿಯ ಪ್ಲಿನಿ ಬಿಥೀನಿಯ ಪ್ರಾಂತ್ಯದ ಅಧಿಪತಿಯಾಗಿದ್ದಾಗ ಟ್ರೇಜನ್ ಚಕ್ರವರ್ತಿಗೆ ಒಂದು ಲೋಹದ ಗಟ್ಟಿ ಕಳಿಸಿ, "ನನ್ನ ಉಂಗುರದಿಂದ ಮುದ್ರೆ ಹಾಕಿದ್ದೇನೆ, ಅದರ ಚಿತ್ರ ನಾಲ್ಕು ಕುದುರೆಯ ರಥ" ಎಂದು ಪತ್ರದಲ್ಲೇ ತಿಳಿಸುತ್ತಾನೆ. ಎಷ್ಟು ಜಾಣತನ ನೋಡಿ. ಪತ್ರದಲ್ಲಿ ಚಿತ್ರ ಹೇಳಿಬಿಟ್ಟರೆ ದಾರಿಯಲ್ಲಿ ಯಾರಾದರೂ ಬಿಚ್ಚಿ ಬೇರೆ ಮುದ್ರೆ ಒತ್ತಿದ್ದರೆ ಗೊತ್ತಾಗುತ್ತದೆ.

ಪ್ರಾಂತ್ಯದ ಸಾಮಾನ್ಯ ಹರಳುಗಳಲ್ಲಿ ಮಾತ್ರ ಇಂಥ ವಿಶೇಷ ಚಿತ್ರ ಕಡಿಮೆ. ಇಂಗ್ಲೆಂಡಿನ ನಾರ್ಫೋಕ್‌ನ ಸ್ನೆಟಿಶಾಮ್‌ನಲ್ಲಿ 1985ರಲ್ಲಿ ಒಬ್ಬ ಅಕ್ಕಸಾಲಿಗನ ಮಡಕೆ ಸಿಕ್ಕಿತು. ಸುಮಾರು ಕ್ರಿ.ಶ. 155ರಲ್ಲಿ ಹೂತಿಟ್ಟದ್ದು. ಅದರಲ್ಲಿ ಇನ್ನೂ ಉಂಗುರಕ್ಕೆ ಕೂರಿಸದ 110 ಕೆತ್ತಿದ ಹರಳುಗಳು. ಧಾನ್ಯದೇವತೆ ಸೀರೀಸ್, ಫಾರ್ಚೂನಾ, ಒಳ್ಳೆಯ ಫಸಲಿನ ದೇವರು ಬೋನಸ್ ಇವೆಂಟಸ್, ಇಂಥವೇ ಮತ್ತೆ ಮತ್ತೆ. ಅಂದರೆ ಕೊಳ್ಳುವವನು ಅಂಗಡಿಯಲ್ಲಿ ಸಿದ್ಧವಿದ್ದದ್ದರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದ. ತೆನೆ ಹಿಡಿದ ದೇವತೆ ಕಂಡ ಮಾತ್ರಕ್ಕೆ "ಇವನು ಗೋಧಿ ಜಮೀನ್ದಾರ" ಅಂದುಬಿಡಬೇಡಿ. ಈ ತಪ್ಪು ಎಲ್ಲರೂ ಮಾಡುತ್ತಾರೆ.

ರೋಮನ್ ಕಾನೂನಿಗೂ ಇದು ಗೊತ್ತಿತ್ತು. ಉಯಿಲಿಗೆ ಏಳು ಸಾಕ್ಷಿಗಳು ಏಳು ಮುದ್ರೆ ಹಾಕಬೇಕು. ಆದರೆ ಎಲ್ಲರೂ ಒಂದೇ ಉಂಗುರದಿಂದ ಹಾಕಿದರೂ ನಡೆಯುತ್ತದೆ ಎಂದು ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಪಠ್ಯ ಹೇಳುತ್ತದೆ. ಅದರ ವಾದ ಇಷ್ಟೇ, ಏಳು ಉಂಗುರದಲ್ಲೂ ಒಂದೇ ಚಿತ್ರ ಇದ್ದರೆ ಏನು ಮಾಡುತ್ತೀರಿ?

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ಲೆಮೆಂಟ್ ಎಂಬ ಕ್ರೈಸ್ತ ಗುರು ತನ್ನ ಜನರಿಗೆ ಯಾವ ಚಿತ್ರ ಆರಿಸಬೇಕೆಂದೇ ಹೇಳಿಕೊಟ್ಟ. ಪಾರಿವಾಳ, ಮೀನು, ಹಡಗು, ಲೈರ್ ವಾದ್ಯ, ಲಂಗರು ಆಗಬಹುದು. ಕತ್ತಿ, ಬಿಲ್ಲು, ಕುಡಿಯುವ ಬಟ್ಟಲು ಬೇಡ. ಇವೆಲ್ಲ ಅಂಗಡಿಯಲ್ಲಿ ಮೊದಲೇ ಸಿಗುತ್ತಿದ್ದ ಚಿತ್ರಗಳು. ಹಾಗಾಗಿ ಮೀನು ಕಂಡರೂ ಆತುರಪಡಬೇಡಿ.

ಹೆಜ್ಜೆ 5: ಹರಳು ಮತ್ತು ಲೋಹ

ಚಿನ್ನದ ಉಂಗುರವನ್ನು ಯಾರು ಬೇಕಾದರೂ ಹಾಕುವಂತಿರಲಿಲ್ಲ. ಕ್ರಿ.ಶ. 23ರ ನಿಯಮದ ಪ್ರಕಾರ ತಾನೂ, ತಂದೆಯೂ, ಅಜ್ಜನೂ ಸ್ವತಂತ್ರರಾಗಿ ಹುಟ್ಟಿರಬೇಕು, 4,00,000 ಸೆಸ್ಟರ್ಸ್ (ರೋಮನ್ ನಾಣ್ಯ) ಬೆಲೆಯ ಆಸ್ತಿ ಇರಬೇಕು. ನಿಯಮ ಕಾಲಕ್ರಮೇಣ ಸಡಿಲವಾಯಿತು. ಆದರೂ ಮೊದಲ ಶತಮಾನದ ಬ್ರಿಟನ್ನಿನಲ್ಲಿ ಕಟುವಾರಸ್‌ನ ಬೆರಳಲ್ಲಿ ಚಿನ್ನ ಇತ್ತೆಂದರೆ ಅದು ದೊಡ್ಡ ಮಾತು.

ಹರಳುಗಳಲ್ಲಿ ಹೆಚ್ಚು ಕಾಣುವುದು ಕೆಂಪು ಕಾರ್ನೀಲಿಯನ್. ಎರಡನೇ ಶತಮಾನದಲ್ಲಿ ಕೆಂಪು ಜಾಸ್ಪರ್ ಕೂಡ ಇಷ್ಟವಾಯಿತು. ಕಪ್ಪಿನ ಮೇಲೆ ನೀಲಿ ಪದರ ಇರುವ ಹರಳು ನಿಕೊಲೊ. ಅದರ ಗಾಜಿನ ನಕಲುಗಳು ಬಡವರ ಬೆರಳಿಗೆ.

ಇಲ್ಲಿ ನಮ್ಮ ನೆಲದ ಸಂಬಂಧ ಬರುತ್ತದೆ. ಪದರ ಪದರವಾಗಿರುವ ಸಾರ್ಡೋನಿಕ್ಸ್ ಹರಳು ಮೇಣಕ್ಕೆ ಅಂಟಿಕೊಳ್ಳುವುದಿಲ್ಲ, ಒತ್ತಿ ತೆಗೆದರೆ ಚಿತ್ರ ಕೆಡುವುದಿಲ್ಲ, ಅದಕ್ಕೇ ರೋಮನರಿಗೆ ಅದು ಮೆಚ್ಚುಗೆ ಎಂದು ಹಿರಿಯ ಪ್ಲಿನಿ ಬರೆದಿದ್ದಾನೆ. ಅಂಥ ಹರಳಿಗೆ ಅವನು ಭಾರತವನ್ನೇ ಹೆಸರಿಸುತ್ತಾನೆ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ "ಪೆರಿಪ್ಲಸ್" ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಪೈಠಣದಿಂದ ಗಾಡಿಗಳಲ್ಲಿ ಓನಿಕ್ಸ್ ಕಲ್ಲು ಭರೂಚ್ ಬಂದರಿಗೆ ಬರುತ್ತಿತ್ತು, ದಾರಿ ಇಪ್ಪತ್ತು ದಿನದ್ದು. ಪೈಠಣ ಶಾತವಾಹನರ ರಾಜಧಾನಿ, ಅದೇ ಶಾತವಾಹನರು ಆಳಿದ ಸನ್ನತಿ ನಮ್ಮ ಕಲಬುರಗಿ ಜಿಲ್ಲೆಯಲ್ಲಿದೆ. ದಖ್ಖನ್ನಿನ ಕಲ್ಲು ರೋಮನ್ ಪ್ರಾಂತ್ಯದ ಒಬ್ಬ ಜಮೀನ್ದಾರನ ಬೆರಳು ಸೇರಿರುವುದು ಖಂಡಿತ ಸಾಧ್ಯ. ಈ ಯೋಚನೆ ಬಂದ ಮೇಲೆ ನನಗೆ ಕೆಂಪು ಹರಳುಗಳನ್ನು ಸುಮ್ನೆ ನೋಡಿ ಬಿಡಲು ಆಗುತ್ತಿಲ್ಲ.

ಸಿಕ್ಕಿದ ಜಾಗವನ್ನೂ ನೋಡಿ. ವೇಲ್ಸ್‌ನ ಕೇರ್ಲಿಯನ್ ಕೋಟೆಯ ಸ್ನಾನಗೃಹದ ಚರಂಡಿಯಲ್ಲಿ 88 ಹರಳುಗಳು ಸಿಕ್ಕಿವೆ. ಬಿಸಿ ಆವಿಗೆ ಅಂಟು ಬಿಟ್ಟು ಹರಳು ಜಾರಿ ಬಿದ್ದದ್ದು. ಹರಳು ಬಿದ್ದ ಕಡೆ ಅದರ ಒಡೆಯನ ಮನೆ ಇತ್ತು ಅನ್ನುವ ಹಾಗಿಲ್ಲ.

ಹೆಜ್ಜೆ 6: ಯಾವುದರ ಮೇಲೆ ಒತ್ತಿದರು?

ನನ್ನ ಮಟ್ಟಿಗೆ ಇದೇ ಜೀವಾಳ. ಐದು ಕಡೆ ಹುಡುಕಿ.

ಮೊದಲನೆಯದು ಕ್ರಯಪತ್ರ ಮತ್ತು ಉಯಿಲು. ರೋಮನರು ಮರದ ತೆಳು ಹಲಗೆಗಳನ್ನು ಸ್ವಲ್ಪ ಕೆತ್ತಿ, ಮೇಣ ತುಂಬಿ, ಮೊನೆಯಿಂದ ಬರೆಯುತ್ತಿದ್ದರು. ಮೂರು ಹಲಗೆ ಸೇರಿಸಿ ಪುಸ್ತಕದಂತೆ ಕಟ್ಟುತ್ತಿದ್ದರು. ಒಳಗಡೆ ಒಂದು ಪ್ರತಿ, ಅದನ್ನು ದಾರದಿಂದ ಕಟ್ಟಿ ಮುದ್ರೆ ಹಾಕಿ ಮುಚ್ಚುವುದು. ಹೊರಗಡೆ ಅದೇ ಪಾಠ ಓದಲು ಸಿಗುವಂತೆ. ದಾರದ ಮೇಲೆ, ಹಲಗೆಯಲ್ಲಿ ಕೊರೆದ ಕಾಲುವೆಯಂಥ ತೋಡಿನಲ್ಲಿ, ಸಾಕ್ಷಿಗಳ ಮುದ್ರೆ ಸಾಲಾಗಿ, ಪಕ್ಕದಲ್ಲೇ ಶಾಯಿಯಲ್ಲಿ ಅವರವರ ಹೆಸರು. ಹೊರಗಿನ ಪ್ರತಿಯನ್ನು ಯಾರಾದರೂ ತಿದ್ದಿದ್ದಾರೆ ಅನ್ನುವ ಅನುಮಾನ ಬಂದರೆ ಮುದ್ರೆ ಒಡೆದು ಒಳಗಿನದನ್ನು ನೋಡುವುದು. ನೀರೋ ಕಾಲದಲ್ಲಿ ಮೋಸ ತಡೆಯಲು ಇನ್ನೊಂದು ನಿಯಮ ಬಂತು. ಹಲಗೆಗೆ ತೂತು ಕೊರೆದು, ದಾರವನ್ನು ಮೂರು ಸಲ ಪೋಣಿಸಿ, ಆಮೇಲೆ ಮುದ್ರೆ. ಆದ್ದರಿಂದ ಹಲಗೆಯ ಫೋಟೋ ಸಿಕ್ಕರೆ ತೂತುಗಳನ್ನು ಎಣಿಸಿ.

ಉಯಿಲು ತೆರೆಯುವುದೂ ಒಂದು ಕ್ರಮ. ಸಾಕ್ಷಿಗಳಲ್ಲಿ ಹೆಚ್ಚಿನವರು ಬಂದು "ಹೌದು, ಇದು ನನ್ನ ಮುದ್ರೆ" ಅನ್ನಬೇಕು. ಆಮೇಲೆ ದಾರ ಕಡಿದು, ಓದಿ, ನಕಲು ತೆಗೆದು, ಸಾರ್ವಜನಿಕ ಮುದ್ರೆ ಹಾಕಿ ದಫ್ತರದಲ್ಲಿ ಇಡಬೇಕು.

ಲಂಡನ್ನಿನಲ್ಲಿ 1986ರಲ್ಲಿ ಸಿಕ್ಕ ಒಂದು ಹಲಗೆ ನನಗೆ ಬಹಳ ಇಷ್ಟ. ತಾರೀಖು ಕ್ರಿ.ಶ. 118ರ ಮಾರ್ಚ್ 14. ಲೂಸಿಯಸ್ ಜೂಲಿಯಸ್ ಬೆಲ್ಲಿಕಸ್ ಎಂಬವನು ಕೆಂಟ್ ಸೀಮೆಯ ಒಂದು ಕಾಡನ್ನು ಟೈಟಸ್ ವಲೇರಿಯಸ್ ಸಿಲ್ವಿನಸ್‌ನಿಂದ 40 ದೀನಾರಿಗೆ ಕೊಂಡಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಕಾಡಿಗೂ ಹೆಸರಿದೆ, ವೆರ್ಲುಸಿಯೋನಿಯಂ. ಅಳತೆ ಹದಿನೈದು ಅರೆಪೆನ್ನಿಯ, ಅದು ಆ ಕಾಲದ ಒಂದು ಭೂ ಅಳತೆ. ಅದಾದ ಮೇಲೆ ಬರುವುದು ಏನು ಗೊತ್ತಾ? ಚಕ್ಕುಬಂದಿ. ಒಂದು ಕಡೆ ಇಂಥವನ ವಾರಸುದಾರರ ಜಮೀನು, ಇನ್ನೊಂದು ಕಡೆ ಊರ ದಾರಿ. ನಮ್ಮ ಕ್ರಯಪತ್ರ ಓದಿದ ಯಾರಿಗಾದರೂ ಅದು ಪರಿಚಿತ ಅನಿಸುತ್ತದೆ.

ಎರಡನೆಯದು ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ. ಈಜಿಪ್ಟಿನ ಫಯೂಮ್‌ನಲ್ಲಿ ಮೂರನೇ ಶತಮಾನದಲ್ಲಿ ಔರೇಲಿಯಸ್ ಅಪ್ಪಿಯಾನಸ್ ಎಂಬ ಅಲೆಕ್ಸಾಂಡ್ರಿಯಾದ ಸಿರಿವಂತನಿಗೆ ದೊಡ್ಡ ಜಹಗೀರು ಇತ್ತು. ಥಿಯಡೆಲ್ಫಿಯ ಊರಿನ ಅವನ ಪಾರುಪತ್ಯಗಾರ ಹೆರೋನಿನೋಸ್‌ಗೆ ಮೇಲಿನವರು ಬರೆದ ನೂರಾರು ಪತ್ರ, ಲೆಕ್ಕಪತ್ರ ಉಳಿದಿವೆ. ಇವನಿಗೆ ದ್ರಾಕ್ಷಾರಸ ಕೊಡು, ಅವನಿಗೆ ಕಾಳು ಅಳೆ, ಹೀಗೆ. ಆ ಕಾಲದ ಪತ್ರವನ್ನು ಮಡಿಸಿ, ನಾರಿನಿಂದ ಕಟ್ಟಿ, ಗಂಟಿನ ಮೇಲೆ ಸ್ವಲ್ಪ ಜೇಡಿಮಣ್ಣಿಟ್ಟು ಒತ್ತುತ್ತಿದ್ದರು. ಮಣ್ಣು ಬಿದ್ದುಹೋಗಿದ್ದರೂ, ನಾರು ಹಾದುಹೋದ ಕಡೆ ಶಾಯಿಯಲ್ಲಿ ಎಳೆದ ಕತ್ತರಿ ಗುರುತು ಕೆಲವು ಪತ್ರಗಳಲ್ಲಿ ಉಳಿದಿದೆ. ಪತ್ರದ ಹೊರಬದಿಯ ಫೋಟೋ ಇದ್ದರೆ ಅದನ್ನು ಹುಡುಕಿ.

ಮೂರನೆಯದು ಮಣ್ಣಿನ ಮುದ್ರೆಗಳ ರಾಶಿ. ದಫ್ತರಕ್ಕೆ ಬೆಂಕಿ ಬಿದ್ದರೆ ಪಪೈರಸ್ ಬೂದಿ, ಮೇಣ ನೀರು, ಆದರೆ ಜೇಡಿಮಣ್ಣು ಇಟ್ಟಿಗೆಯಂತೆ ಬೆಂದು ಗಟ್ಟಿಯಾಗುತ್ತದೆ. ಇವತ್ತಿನ ಟರ್ಕಿಯಲ್ಲಿ ಯೂಫ್ರೆಟಿಸ್ ದಡದ ಝೂಗ್ಮಾ ಊರಿನಿಂದ ಹೀಗೆ ಹತ್ತಾರು ಸಾವಿರ ಮಣ್ಣಿನ ಮುದ್ರೆಗಳು ಸಿಕ್ಕಿವೆ. ಕೆಳಬದಿಯನ್ನು ತಿರುಗಿಸಿ ತೋರಿಸಿದ ಫೋಟೋ ಇದ್ದರೆ ಬಿಡಬೇಡಿ. ನಾರಿನ ಗುರುತು ಇದ್ದರೆ ಪಪೈರಸ್, ನೇಯ್ಗೆ ಗುರುತು ಇದ್ದರೆ ಬಟ್ಟೆ ಚೀಲ.

ನಾಲ್ಕನೆಯದು ಉಗ್ರಾಣ. ಈಗಿನ ಕಾಲದಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಕಳ್ಳರಿಂದ ಕಾಪಾಡಲು ಉಂಗುರ ಬೇಕಾಯಿತಲ್ಲ ಎಂದು ಹಿರಿಯ ಪ್ಲಿನಿ ಮರುಗುತ್ತಾನೆ. ರೋಮಿನ ಹೆಸರಾಂತ ವಾಗ್ಮಿ ಸಿಸೆರೋನ ತಮ್ಮ ಕ್ವಿಂಟಸ್ ತನ್ನ ತಾಯಿಯನ್ನು ನೆನೆಸಿಕೊಂಡು ಬರೆದ ಒಂದು ಮಾತಿದೆ. ಅಮ್ಮ ಖಾಲಿ ಜಾಡಿಗೂ ಮುದ್ರೆ ಹಾಕುತ್ತಿದ್ದಳಂತೆ, ಕದ್ದು ಕುಡಿದು ಖಾಲಿ ಮಾಡಿದವರು "ಇದು ಮೊದಲೇ ಖಾಲಿ ಇತ್ತು" ಅನ್ನಬಾರದೆಂದು. ಮುದ್ರೆ ಹೆಂಗಸರ ಕೈಯಲ್ಲೂ ಇತ್ತು. ಹೆಂಗಸು ಚಿನ್ನದ ಉಂಗುರ ಹಾಕುವುದಾದರೆ ಮನೆಯ ಸಾಮಾನಿಗೆ ಮುದ್ರೆ ಹಾಕಿ ಕಾಪಾಡುವುದಕ್ಕೆ ಎಂದು ಕ್ಲೆಮೆಂಟ್ ಕೂಡ ಹೇಳುತ್ತಾನೆ.

ಐದನೆಯದು ಎಣ್ಣೆ ಜಾಡಿ. ಸ್ಪೇನಿನ ಬೇಟಿಕಾ ಪ್ರಾಂತ್ಯದ ಆಲಿವ್ ಎಣ್ಣೆ ಹೊಟ್ಟೆಯುಬ್ಬಿದ ಮಣ್ಣಿನ ಜಾಡಿಗಳಲ್ಲಿ ರೋಮಿಗೆ ಬರುತ್ತಿತ್ತು. ಒಂದೊಂದಕ್ಕೆ ಸುಮಾರು 70 ಲೀಟರ್. ಎಸೆದ ಜಾಡಿಗಳ ಚೂರುಗಳಿಂದಲೇ ರೋಮಿನಲ್ಲಿ ಮಾಂಟೆ ಟೆಸ್ಟಾಚಿಯೋ ಎಂಬ ಗುಡ್ಡ ಬೆಳೆದಿದೆ. ಎಷ್ಟೋ ಜಾಡಿಗಳ ಹಿಡಿಯ ಮೇಲೆ ಸುಡುವ ಮುಂಚೆ ಒತ್ತಿದ ಮೊದಲಕ್ಷರಗಳಿವೆ. ಅದು ತೋಟದ ಒಡೆಯನದ್ದೋ ಆವಿಗೆಯವನದ್ದೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಇದನ್ನು ವೈಯಕ್ತಿಕ ಮುದ್ರೆಯ ಜೊತೆ ಬೆರೆಸಬೇಡಿ. ಉಂಗುರ "ನಾನು ಒಪ್ಪಿದ್ದೇನೆ" ಅನ್ನುತ್ತದೆ, ಜಾಡಿಯ ಅಚ್ಚು "ಇದು ಇಲ್ಲಿಯದು" ಅನ್ನುತ್ತದೆ.

ಮುದ್ರೆ ಇಲ್ಲದ ದಾಖಲೆಯನ್ನೂ ನೋಡಿದರೆ ಮುದ್ರೆಯ ಬೆಲೆ ತಿಳಿಯುತ್ತದೆ. ಮೃತ ಸಮುದ್ರದ ಹತ್ತಿರದ ಒಂದು ಗುಹೆಯಲ್ಲಿ 1961ರಲ್ಲಿ ಬಬಥಾ ಎಂಬ ಯೆಹೂದಿ ಹೆಂಗಸಿನ 35 ಪತ್ರಗಳು ಚರ್ಮದ ಚೀಲದಲ್ಲಿ ಸಿಕ್ಕವು. ಅರೇಬಿಯ ಪ್ರಾಂತ್ಯದ ಮಾವೋಝದಲ್ಲಿ ಅವಳಿಗೆ ಖರ್ಜೂರದ ತೋಟಗಳಿದ್ದವು. 127ರಲ್ಲಿ ರೋಮನ್ ಜನಗಣತಿಗೆ ಅವನ್ನು ಹೆಸರು ಹೇಳಿ ಬರೆಸಿದ್ದಾಳೆ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರು ಅವಳ ಪರವಾಗಿ ಬರೆದರು. ಪತ್ರಗಳಲ್ಲಿ ಒಳಗೊಂದು ಹೊರಗೊಂದು ಪ್ರತಿ, ಅದೇ ಉಪಾಯ. ಆದರೆ ಗಂಟುಗಳ ಪಕ್ಕ ಸಾಕ್ಷಿಗಳ ಕೈಬರಹದ ರುಜು.

ಹೆಜ್ಜೆ 7: ಮೋಸದ ಸಾಧ್ಯತೆ ನೆನಪಿರಲಿ

ಎರಡನೇ ಶತಮಾನದ ಲೇಖಕ ಲೂಸಿಯನ್, ಕಪ್ಪು ಸಮುದ್ರದ ದಡದ ಒಬ್ಬ ಕಪಟ ಭವಿಷ್ಯಗಾರ ಭಕ್ತರ ಮುಚ್ಚಿದ ಚೀಟಿಗಳನ್ನು ಹೇಗೆ ಬಿಚ್ಚುತ್ತಿದ್ದ ಎಂದು ವಿವರಿಸಿದ್ದಾನೆ. ಕಾಯಿಸಿದ ಸೂಜಿಯಿಂದ ಮೇಣವನ್ನು ಅಡಿಯಿಂದ ಕರಗಿಸಿ ಎಬ್ಬಿಸುವುದು ಒಂದು. ಗೋಂದು, ಅಮೃತಶಿಲೆ ಪುಡಿ ಇಂಥದ್ದರಿಂದ ಮುದ್ರೆಯ ಅಚ್ಚು ತೆಗೆದು, ಓದಿ, ಅದೇ ಅಚ್ಚಿನಿಂದ ಮತ್ತೆ ಒತ್ತುವುದು ಇನ್ನೊಂದು. ಸುಳ್ಳು ಮುದ್ರೆಗೆ ಕ್ರಿ.ಪೂ. ಮೊದಲ ಶತಮಾನದ ಸರ್ವಾಧಿಕಾರಿ ಸುಲ್ಲನ ಕಾಲದಿಂದಲೇ ಶಿಕ್ಷೆಯ ಕಾನೂನು ಇತ್ತು. ಕ್ರಿ.ಶ. 66ರಲ್ಲಿ ನೀರೋನ ಕೋಪಕ್ಕೆ ಗುರಿಯಾದ ಆಸ್ಥಾನಿಕ ಪೆಟ್ರೋನಿಯಸ್ ಸಾಯುವ ಮುಂಚೆ ತನ್ನ ಉಂಗುರವನ್ನು ಒಡೆದುಹಾಕಿದ. ಸತ್ತ ಮೇಲೆ ಅದನ್ನು ಹಿಡಿದು ಯಾರಿಗಾದರೂ ಆಪತ್ತು ತರಬಾರದೆಂದು. ಒಡೆದ ಉಂಗುರ ಕಂಡರೆ ಈ ಕಾರಣವನ್ನೂ ಮನಸ್ಸಿನಲ್ಲಿಡಿ.

ಏಷ್ಯಾ ಪ್ರಾಂತ್ಯದ ಅಧಿಪತಿಯಾಗಿದ್ದ ಅದೇ ಕ್ವಿಂಟಸ್‌ಗೆ ಅಣ್ಣ ಸಿಸೆರೋ ಬರೆದ ಬುದ್ಧಿಮಾತು ಇಲ್ಲಿ ಬರುತ್ತದೆ. ನಿನ್ನ ಉಂಗುರ ಒಂದು ಪಾತ್ರೆಯಂತಿರದೆ ನೀನೇ ಆಗಿರಲಿ, ಬೇರೆಯವರ ಇಷ್ಟದ ಆಳಾಗದೆ ನಿನ್ನ ಇಷ್ಟದ ಸಾಕ್ಷಿಯಾಗಿರಲಿ.

ನಮ್ಮ ಕಾಲದ ಮೋಸವೂ ಇದೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ರೋಮನ್ ಶೈಲಿಯ ಹರಳುಗಳನ್ನು ಬೇಕಾದಷ್ಟು ಕೆತ್ತಿದರು. ಪೋಲೆಂಡಿನ ರಾಜಕುಮಾರ ಪೊನಿಯಾಟೋವ್ಸ್ಕಿ ಎರಡು ಸಾವಿರಕ್ಕೂ ಹೆಚ್ಚು ಮಾಡಿಸಿದ, ಪ್ರಾಚೀನ ಕಲಾವಿದರ ಸುಳ್ಳು ರುಜು ಸಮೇತ. ದಯವಿಟ್ಟು ಆನ್‌ಲೈನ್ ಮಾರಾಟದಲ್ಲಿ ಹರಳು ಕೊಳ್ಳಬೇಡಿ. ಅಸಲಿಯೇ ಆದರೂ, ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಮುದ್ರೆ ಅರ್ಧ ಮೂಕ.

ಹೆಜ್ಜೆ 8: ಬರೆದಿಡಿ

ನೋಡಲು ಶುರುಮಾಡುವುದಕ್ಕೆ ಮೂರು ಜಾಗ ಒಳ್ಳೆಯದು, ಮೂರೂ ಉಚಿತ. ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದ ಪುಟ. ಆಕ್ಸ್‌ಫರ್ಡಿನ ಬೀಝ್ಲಿ ಆರ್ಕೈವ್‌ನ ಹರಳುಗಳ ವಿಭಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೊಲಗಳಲ್ಲಿ ಜನರಿಗೆ ಸಿಕ್ಕ ವಸ್ತುಗಳ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. ಕೊನೆಯದರಲ್ಲಿ ಮುದ್ರೆಯ ಮೇಣವನ್ನು ಕಾಪಾಡುತ್ತಿದ್ದ ಪುಟ್ಟ ಕಂಚಿನ ಡಬ್ಬಿಗಳನ್ನೂ ಹುಡುಕಿ. ಎಲೆಯಾಕಾರ, ದುಂಡು, ಚೌಕ, ತಳದಲ್ಲಿ ತೂತು, ಪಕ್ಕದಲ್ಲಿ ದಾರಕ್ಕೆ ಸೀಳು. ಇವು ಹಲಗೆಗಳ ಮೇಲಿದ್ದವು ಎಂದು ಬಹಳ ಕಾಲ ನಂಬಿದ್ದರು. ಈಗ ಹಣದ ಚೀಲಗಳ ಮೇಲಿದ್ದವು ಅನ್ನುವ ವಾದ ಬಲವಾಗಿದೆ.

ಪ್ರತಿ ಮುದ್ರೆಗೂ ಒಂದು ಪುಟ ಇಡಿ. ಕಂಡದ್ದು ಒಂದು ಕಡೆ, ಊಹೆ ಇನ್ನೊಂದು ಕಡೆ. ಸಿಲ್ಚೆಸ್ಟರ್ ಉಂಗುರಕ್ಕೆ ನಾನು ಬರೆದ ಪುಟ ಹೀಗಿದೆ:

ವಸ್ತು: ಚಿನ್ನದ ಉಂಗುರ, ಸುಮಾರು 12 ಗ್ರಾಂ.
ಸಿಕ್ಕಿದ್ದು: 1785, ಸಿಲ್ಚೆಸ್ಟರ್ ಹತ್ತಿರದ ಹೊಲ. ಈಗ ಇರುವುದು ದ ವೈನ್ ಎಂಬ ಹಳೆಯ ಬಂಗಲೆಯಲ್ಲಿ.
ಅಕ್ಷರ: ಮುಖಪಟ್ಟಿಯಲ್ಲಿ ತಿರುವು, ಬಳೆಯಲ್ಲಿ ನೇರ.
ಹೆಸರು: ಸೆನಿಕಿಯಾನಸ್.
ಊಹೆ: ಇಂಗ್ಲೆಂಡಿನದೇ ಲಿಡ್ನಿ ಎಂಬ ಊರಿನ ರೋಮನ್ ದೇವಸ್ಥಾನದಲ್ಲಿ ಸಿಕ್ಕ ಸೀಸದ ಹಾಳೆಯಲ್ಲಿ ಸಿಲ್ವಿಯಾನಸ್ ಎಂಬವನು ಉಂಗುರ ಕಳೆದುಕೊಂಡು, ಸೆನಿಕಿಯಾನಸ್ ಹೆಸರಿನವರಿಗೆ ಆರೋಗ್ಯ ಕೊಡಬೇಡ ಎಂದು ನೊಡೆನ್ಸ್ ದೇವರಿಗೆ ಹರಕೆ ಹೊತ್ತಿದ್ದಾನೆ. ಇದೇ ಉಂಗುರವೇ? ಎರಡೂ ಊರಿನ ನಡುವೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.
ಯಾವುದರ ಮೇಲೆ ಒತ್ತಿದರು: ಖಾಲಿ ಬಿಟ್ಟಿದ್ದೇನೆ.